ಡ್ರಮ್ಮಿನಲ್ಲಿ ಏನಿದೆ ಅಂತ ಹೆಲ್ಸಿಂಕಿಗೆ ಹೇಳಿದ್ದು

ನಮ್ಮ ಕಾರ್ಖಾನೆ ಇರುವುದು ಹಾಸನದಲ್ಲಿ, ಬಿ.ಎಂ. ರಸ್ತೆ ಕಡೆಯ ಕೈಗಾರಿಕಾ ಪ್ರದೇಶದಲ್ಲಿ. ದೊಡ್ಡದೇನಲ್ಲ. ಶೀಟು ಹೊದಿಸಿದ ಎರಡು ಶೆಡ್ಡು, ಮುಂದೆ ಒಂದು ಆಫೀಸು, ಎಲ್ಲ ಸೇರಿ 22 ಜನ. ಮನೆಯಲ್ಲಿ ಇಡುವ ಪರಿಮಳದ ಎಣ್ಣೆ ಮಾಡುತ್ತೇವೆ. ಗಾಜಿನ ಬಾಟಲಿಗೆ ಎಣ್ಣೆ ತುಂಬಿ ನಾಲ್ಕೈದು ಕಡ್ಡಿ ಇಟ್ಟರೆ, ಕಡ್ಡಿ ಎಣ್ಣೆ ಹೀರಿಕೊಂಡು ಕೋಣೆಗೆಲ್ಲ ವಾಸನೆ ಹರಡುತ್ತದಲ್ಲ, ಅದು. ಅಂಗಡಿಯಲ್ಲಿ ರೀಡ್ ಡಿಫ್ಯೂಸರ್ ಅಂತ ಮಾರುತ್ತಾರೆ. ಮಜ್ಜಿಗೆ ಹುಲ್ಲು, ಲಾವಂಚ, ಪಚ್ಚೆತೆನೆ, ಲವಂಗ, ನೀಲಗಿರಿ, ಹೀಗೆ 14 ಪರಿಮಳ. ನಾನು ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಇಲ್ಲಿಗೆ ಸೇರಿ ಹನ್ನೊಂದು ವರ್ಷವಾಯಿತು. ಕ್ವಾಲಿಟಿ ನೋಡಿಕೊಳ್ಳುವುದೂ ನಾನೇ, ಕಾಗದಪತ್ರ ನೋಡಿಕೊಳ್ಳುವುದೂ ನಾನೇ.

2023ರ ಜೂನ್‌ನಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಮೊದಲ ದೊಡ್ಡ ಆರ್ಡರ್ ಬಂತು. ಎಲ್ಲರಿಗೂ ಖುಷಿ. ಎರಡು ದಿನ ಬಿಟ್ಟು ಅವರದೇ ಇನ್ನೊಂದು ಮೇಲ್ ಬಂತು. ಪ್ರತಿ ಪರಿಮಳಕ್ಕೂ ಯುಎಫ್ಐ ನಂಬರ್ ಬೇಕು, ಅದು ಲೇಬಲ್ ಮೇಲೆ ಅಚ್ಚಾಗಿರಬೇಕು, ಇಲ್ಲದಿದ್ದರೆ ಮಾಲು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದರು.

ನಮ್ಮ ಸಾಹುಕಾರರು ಮೇಲ್ ಪ್ರಿಂಟ್ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು. "ಏನಮ್ಮ ಇದು? ಹೊಸ ಟ್ಯಾಕ್ಸಾ?"

ಟ್ಯಾಕ್ಸ್ ಅಲ್ಲ. ಅದೇನು ಅಂತ ನಾನು ಪೂರ್ತಿ ತಿಳಿದುಕೊಳ್ಳುವುದಕ್ಕೆ ಒಂದು ವಾರ ಹಿಡಿಯಿತು.

ಯುರೋಪಿನಲ್ಲಿ ರಾಸಾಯನಿಕಗಳ ವರ್ಗೀಕರಣ ಮತ್ತು ಲೇಬಲ್ ಬಗ್ಗೆ ಒಂದು ಕಾಯ್ದೆ ಇದೆ. ಸಿಎಲ್‌ಪಿ ಅನ್ನುತ್ತಾರೆ, 2008ರದು. ಅದಕ್ಕೆ 2017ರಲ್ಲಿ ಎಂಟನೇ ಅನುಬಂಧ ಸೇರಿಸಿದರು. ಆರೋಗ್ಯಕ್ಕೆ ಅಪಾಯ ಮಾಡಬಹುದಾದ ಅಥವಾ ಬೆಂಕಿ ಹೊತ್ತಿಕೊಳ್ಳುವಂಥ ಯಾವುದೇ ಮಿಶ್ರಣವನ್ನು ಅಲ್ಲಿ ಮಾರಬೇಕಾದರೆ, ಅದರಲ್ಲಿ ಏನೇನು ಎಷ್ಟೆಷ್ಟು ಇದೆ ಅಂತ ಮೊದಲೇ ವರದಿ ಕೊಡಬೇಕು. ಮನೆ ಬಳಕೆಯ ಸಾಮಾನಿಗೆ ಇದು 2021ರ ಜನವರಿ 1ರಿಂದ ಜಾರಿಯಲ್ಲಿದೆ. ವರದಿ ಹೋಗುವುದು ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿರುವ ಯುರೋಪಿಯನ್ ಕೆಮಿಕಲ್ಸ್ ಏಜೆನ್ಸಿಯ ಪೋರ್ಟಲ್ ಮೂಲಕ. ಅಲ್ಲಿಂದ ಆಯಾ ದೇಶದ ವಿಷ ಮಾಹಿತಿ ಕೇಂದ್ರಕ್ಕೆ ತಲುಪುತ್ತದೆ. ಯುಎಫ್ಐ ಅಂದರೆ ಆ ವರದಿಗೂ ಬಾಟಲಿಗೂ ನಡುವೆ ಇರುವ ಕೊಂಡಿ. 16 ಅಕ್ಷರ ಮತ್ತು ಅಂಕಿ, ನಾಲ್ಕು ನಾಲ್ಕರ ನಾಲ್ಕು ಗುಂಪು. ಫೋನಿನಲ್ಲಿ ಓದಿ ಹೇಳುವಾಗ ತಪ್ಪಾಗದಿರಲಿ ಅಂತ ಅದರಲ್ಲಿ ಸೊನ್ನೆ ಇದೆ, ಇಂಗ್ಲಿಷಿನ ಓ ಇಲ್ಲ. ಒಂದು ಇದೆ, ಐ ಇಲ್ಲ.

ಇದನ್ನು ಓದಿದಾಗ ನನಗೆ ನಮ್ಮೂರು ನೆನಪಾಯಿತು. ನಮ್ಮದು ಆಲೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯ ಮೂರು ವರ್ಷದ ಮಗು ಜಗಲಿ ಮೇಲಿಟ್ಟಿದ್ದ ಬಾಟಲಿಯಿಂದ ಏನೋ ಕುಡಿದುಬಿಟ್ಟಿತು. ಜೀಪು ಮಾಡಿಕೊಂಡು ಹಾಸನಕ್ಕೆ ಬಂದರು. ಡಾಕ್ಟರು ಕೇಳಿದ ಮೊದಲ ಮಾತು, "ಏನು ಕುಡಿದಿದ್ದು?" ಯಾರಿಗೂ ಗೊತ್ತಿಲ್ಲ. ಸೀಮೆಎಣ್ಣೆಯೋ, ತೋಟಕ್ಕೆ ಹೊಡೆಯುವ ಔಷಧಿಯೋ, ಬಣ್ಣಕ್ಕೆ ಬೆರೆಸುವ ಥಿನ್ನರೋ. ಮಗುವಿನ ಅಪ್ಪ ಬಾಟಲಿ ತರಲು ಮತ್ತೆ ಊರಿಗೆ ಓಡಿದರು. ತಂದರೂ ಅದರ ಮೇಲೆ ಚೀಟಿ ಇರಲಿಲ್ಲ. ಮೂಸಿ ನೋಡಿ ಸೀಮೆಎಣ್ಣೆ ಅಂತ ತೀರ್ಮಾನ ಮಾಡಿದರು. ಮಗು ಉಳಿಯಿತು, ಆದರೆ ಎಂಟು ದಿನ ಉಸಿರಿಗೆ ಒದ್ದಾಡಿತು. ಸೀಮೆಎಣ್ಣೆ, ನೀಲಗಿರಿ ಎಣ್ಣೆ, ಕಿತ್ತಳೆ ಸಿಪ್ಪೆ ಎಣ್ಣೆ, ಇವೆಲ್ಲ ತೆಳ್ಳಗಿನ ಎಣ್ಣೆಗಳು. ಕುಡಿದಾಗ ಸುಲಭವಾಗಿ ಶ್ವಾಸಕೋಶಕ್ಕೆ ಜಾರುತ್ತವೆ. ಅದಕ್ಕೇ ಇಂಥದ್ದು ಕುಡಿದವರನ್ನು ವಾಂತಿ ಮಾಡಿಸಬಾರದು. ಏನು ಕುಡಿದಿದ್ದಾರೆ ಅಂತ ಗೊತ್ತಿದ್ದರೆ ಮಾತ್ರ ಏನು ಮಾಡಬಾರದು ಅಂತಲೂ ಗೊತ್ತಾಗುತ್ತದೆ.

ಹಾಗಾಗಿ ಈ ಕೆಲಸ ನನಗೆ ಸುಮ್ನೆ ಫಾರಂ ತುಂಬುವ ಕೆಲಸ ಅನ್ನಿಸಲಿಲ್ಲ.

ಮೊದಲ ಅಡ್ಡಿ, ಭಾರತದ ಕಂಪನಿ ನೇರವಾಗಿ ವರದಿ ಕೊಡುವಂತಿಲ್ಲ. ಕೊಡಬೇಕಾದವರು ಅಲ್ಲಿನ ಆಮದುದಾರರು. ಅವರಿಗೆ ಪೂರ್ತಿ ಸೂತ್ರ ಕೊಡಿ ಅಂದರೆ ಸಾಹುಕಾರರು ಒಪ್ಪಲಿಲ್ಲ. ಇಪ್ಪತ್ತು ವರ್ಷ ಕಷ್ಟಪಟ್ಟು ಮಾಡಿದ ಸೂತ್ರ, ನಾಳೆ ಅವರೇ ಬೇರೆ ಕಡೆ ಮಾಡಿಸಿಕೊಂಡರೆ ಅಂತ ಅವರ ಭಯ. ಭಯ ತಪ್ಪೇನಲ್ಲ. ಇದಕ್ಕೆ ಒಂದು ದಾರಿ ಇದೆ. ಯುರೋಪಿನಲ್ಲೇ ನೋಂದಣಿಯಾದ ಒಂದು ಪ್ರತಿನಿಧಿ ಸಂಸ್ಥೆಗೆ ಸೂತ್ರ ಕೊಟ್ಟರೆ ಅವರು ನಮ್ಮ ಪರವಾಗಿ ವರದಿ ಸಲ್ಲಿಸಿ ಯುಎಫ್ಐ ಮಾಡಿಕೊಡುತ್ತಾರೆ. ಆಮದುದಾರರು ತಮ್ಮ ವರದಿಯಲ್ಲಿ ಸೂತ್ರದ ಬದಲು ಆ ಯುಎಫ್ಐ ತೋರಿಸಿದರೆ ಸಾಕು. ಅಂಥವರನ್ನು ಹುಡುಕಿ, ಗುಟ್ಟು ಕಾಯುವ ಕರಾರು ಮಾಡಿಕೊಂಡೆವು. ಅವರು ಒಂದು ಷರತ್ತು ಹಾಕಿದರು. ದತ್ತಾಂಶ ನಾವೇ ಸಿದ್ಧ ಮಾಡಬೇಕು, ಅವರು ಪರಿಶೀಲಿಸಿ ಸಲ್ಲಿಸುತ್ತಾರೆ ಅಷ್ಟೇ. ಅವರೇ ಟೈಪ್ ಮಾಡಬೇಕಾದರೆ ಶುಲ್ಕ ಮೂರು ಪಟ್ಟು.

ವರದಿ ತಯಾರಿಸುವುದು ಐಯುಕ್ಲಿಡ್ ಅನ್ನುವ ತಂತ್ರಾಂಶದಲ್ಲಿ. ಏಜೆನ್ಸಿಯೇ ಉಚಿತವಾಗಿ ಕೊಡುತ್ತದೆ. ಮೊದಲ ಪರಿಮಳ ಮಜ್ಜಿಗೆ ಹುಲ್ಲಿನದು. ಕೂತು ಕೈಯಲ್ಲೇ ತುಂಬಿದೆ. ಪ್ರತಿ ವಸ್ತುವಿನ ಹೆಸರು, ಸಿಎಎಸ್ ನಂಬರ್ ಅಂದರೆ ಒಂದೊಂದು ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಎಷ್ಟು ಶೇಕಡಾ, ಅಪಾಯದ ಸಂಕೇತ. ಆಮೇಲೆ ಮಿಶ್ರಣದ ಬಣ್ಣ, ಬಾಟಲಿಯ ಬಗೆ, ಬಾಟಲಿಯ ಅಳತೆ, ಯಾವ ಬಳಕೆ, ವಿಷದ ಗುಣದ ಬಗ್ಗೆ ಟಿಪ್ಪಣಿ. ಎಲ್ಲಿ ಮಾರುತ್ತೇವೋ ಆ ದೇಶ ಒಪ್ಪುವ ಭಾಷೆಯಲ್ಲಿ. ಒಂದು ಪರಿಮಳಕ್ಕೆ ಎರಡು ಪೂರ್ತಿ ದಿನ ಹೋಯಿತು. ಮೂರನೇ ದಿನ ಮತ್ತೆ ಓದಿ ನೋಡಿದರೆ ನಾಲ್ಕು ತಪ್ಪು. ಇನ್ನೂ 13 ಪರಿಮಳ ಬಾಕಿ. ಮೇಲೆ, ಸೂತ್ರ ಬದಲಾದಾಗೆಲ್ಲ ವರದಿಯನ್ನೂ ಹೊಸದು ಮಾಡಬೇಕು. ಹೊಸ ವಸ್ತು ಸೇರಿದರೆ ಯುಎಫ್ಐಯೇ ಬದಲು, ಅಂದರೆ ಲೇಬಲ್ಲೂ ಬದಲು.

ಮಳೆಗಾಲವೆಲ್ಲ ಹೀಗೇ ಎಳೆದಾಡಿ ಐದು ಪರಿಮಳ ಮುಗಿಸಿದೆ. ಆರ್ಡರನ್ನು ಜನವರಿಗೆ ಮುಂದೂಡಿಸಿಕೊಂಡೆವು.

ನವೆಂಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆರೆಯಿತು. ವರ್ಷಕ್ಕೊಮ್ಮೆ, ಕೆಲವೇ ದಿನ. ಊರ ತುಂಬ ಜನ, ದೇವಸ್ಥಾನದ ಸುತ್ತ ಬ್ಯಾರಿಕೇಡು, ಆಟೋ ಕೂಡ ಒಳಗೆ ಬರುವಂತಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ದರ್ಶನಕ್ಕೆಂದು ಬಂದ. ನಮ್ಮ ಮನೆಯಲ್ಲೇ ಉಳಿದ. ರಾತ್ರಿ ಊಟ ಆದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದು ಕೂತಿದ್ದು ನೋಡಿ ಪಕ್ಕದಲ್ಲಿ ಬಂದು ಕೂತ.

"ಚಿಕ್ಕಮ್ಮ, ಇದನ್ನೆಲ್ಲ ಕೈಯಲ್ಲಿ ಟೈಪ್ ಮಾಡ್ತಿದ್ದೀರಾ?"

"ಇನ್ನೇನಪ್ಪ ಮಾಡೋದು?"

ಅವನು ಐಯುಕ್ಲಿಡ್‌ನಿಂದ ನಾನು ಮುಗಿಸಿದ್ದ ಒಂದು ವರದಿಯ ಫೈಲ್ ಇಳಿಸಿಕೊಂಡ. ಆ ಫೈಲಿನ ಹೆಸರು ಐ6ಝಡ್ ಅಂತ ಮುಗಿಯುತ್ತದೆ. ನೋಡುವುದಕ್ಕೆ ವಿಚಿತ್ರ, ಆದರೆ ಅದು ಸಾಮಾನ್ಯ ಝಿಪ್ ಫೈಲೇ. ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ರೂಪದ ಸಣ್ಣ ಸಣ್ಣ ಫೈಲುಗಳು. ಒಂದರಲ್ಲಿ ಮಿಶ್ರಣ, ಒಂದೊಂದರಲ್ಲಿ ಒಂದೊಂದು ವಸ್ತು, ಎಲ್ಲವನ್ನೂ ಜೋಡಿಸುವ ಒಂದು ಪಟ್ಟಿ. "ಇದೊಂದು ಅಚ್ಚು ಇದ್ದ ಹಾಗೆ ಚಿಕ್ಕಮ್ಮ. ನಿಮ್ಮ ಎಕ್ಸೆಲ್‌ನಿಂದ ಅಂಕಿ ತೆಗೆದು ಇದರೊಳಗೆ ಹೊಯ್ದರೆ ಆಯ್ತು. ಒಂದ್ಸಲ ಪ್ರೋಗ್ರಾಂ ಬರೆದರೆ 14 ಅಲ್ಲ, 140 ಇದ್ರೂ ಮಾಡತ್ತೆ." ಆ ರಾತ್ರಿಯೇ ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಶುರು ಮಾಡಿದ. ಹಬ್ಬಕ್ಕೆ ಮಾಡಿದ ಕಜ್ಜಾಯ ತಿನ್ನುತ್ತ ಮೂರು ರಾತ್ರಿ ಕೂತ.

ಎರಡನೇ ರಾತ್ರಿ ನನ್ನ ಎಕ್ಸೆಲ್ ಹಾಳೆ ತೋರಿಸಿ, "ಚಿಕ್ಕಮ್ಮ, ನಂಬರ್ ಇರಬೇಕಾದ ಜಾಗದಲ್ಲಿ ತಾರೀಕು ಯಾಕಿದೆ?" ಅಂದ. ನೋಡಿದೆ. ಮಜ್ಜಿಗೆ ಹುಲ್ಲಿನ ಎಣ್ಣೆಯ ಸಿಎಎಸ್ ನಂಬರ್ 8007-02-1. ಎಕ್ಸೆಲ್ ಅದನ್ನು 8007ನೇ ಇಸವಿ ಫೆಬ್ರವರಿ 1 ಅಂತ ತಿಳಿದುಕೊಂಡು 01-02-8007 ಮಾಡಿಟ್ಟಿತ್ತು. ಪಚ್ಚೆತೆನೆ ಎಣ್ಣೆಯದು 8014-09-3, ಅದೂ ತಾರೀಕಾಗಿತ್ತು. ಲವಂಗದೆಣ್ಣೆಗೆ ಏನೂ ಆಗಿರಲಿಲ್ಲ, ಯಾಕೆಂದರೆ ಅದು 8000-34-8. ಮೂವತ್ನಾಲ್ಕನೇ ತಿಂಗಳು ಅಂತ ಇಲ್ಲವಲ್ಲ. ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಆ ಕಾಲಂ ಪೂರ್ತಿ ಟೆಕ್ಸ್ಟ್ ಅಂತ ಬದಲಿಸಿಕೊಳ್ಳಿ. ನಂಬರ್ ತುಂಬುವುದು ಅದಾದ ಮೇಲೆ. ತುಂಬಿದ ಮೇಲೆ ಬದಲಿಸಿದರೆ ತಾರೀಕು ವಾಪಸ್ ನಂಬರ್ ಆಗುವುದಿಲ್ಲ.

ಸಿಎಎಸ್ ನಂಬರಿನಲ್ಲಿ ಒಂದು ಒಳ್ಳೆಯ ಗುಣ ಇದೆ, ಕಾಲೇಜಿನಲ್ಲಿ ಓದಿದ್ದೆ, ಕೆಲಸಕ್ಕೆ ಬಂದಿದ್ದು ಈಗ. ಕೊನೆಯ ಅಂಕಿ ಬೇರೇನಲ್ಲ, ಹಿಂದಿನ ಅಂಕಿಗಳ ತಾಳೆ. 8007-02-1 ತಗೊಳ್ಳಿ. ಕೊನೆಯ 1 ಬಿಡಿ. ಉಳಿದದ್ದನ್ನು ಬಲದಿಂದ ಎಡಕ್ಕೆ ಒಂದು, ಎರಡು, ಮೂರರಿಂದ ಗುಣಿಸುತ್ತ ಹೋಗಿ. 2 ಒಂದಲೆ 2. 0 ಎರಡಲೆ 0. 7 ಮೂರಲೆ 21. ಆಮೇಲೆ ಎರಡು ಸೊನ್ನೆ. 8 ಆರಲೆ 48. ಕೂಡಿದರೆ 71. ಅದರ ಕೊನೆಯ ಅಂಕಿ 1, ತಾಳೆಯಾಯಿತು. ಒಂದು ಅಂಕಿ ತಪ್ಪು ಹೊಡೆದರೂ ಹೆಚ್ಚಿನ ಸಲ ಗೊತ್ತಾಗುತ್ತದೆ. ಈ ಲೆಕ್ಕವನ್ನು ಪ್ರೋಗ್ರಾಂನಲ್ಲಿ ಸೇರಿಸು ಅಂತ ಹೇಳಿದೆ. ಹತ್ತು ಸಾಲು ಬರೆದ. ಅಷ್ಟರಲ್ಲೇ ನಮ್ಮ ಪಟ್ಟಿಯ 96 ವಸ್ತುಗಳಲ್ಲಿ ಮೂರು ತಪ್ಪು ಸಿಕ್ಕವು. ಒಂದು ನಾನು ತಪ್ಪಾಗಿ ಟೈಪ್ ಮಾಡಿದ್ದು. ಎರಡು ನಮಗೆ ಮಾಲು ಕೊಡುವವರ ಸೇಫ್ಟಿ ಡೇಟಾ ಶೀಟಿನಲ್ಲೇ, ಅಂದರೆ ಸುರಕ್ಷತಾ ಮಾಹಿತಿಯ ಹಾಳೆಯಲ್ಲೇ, ತಪ್ಪಾಗಿ ಅಚ್ಚಾಗಿದ್ದವು.

ಕೊನೆಗೆ ಪ್ರೋಗ್ರಾಂ ಹೀಗೆ ನಿಂತಿತು. ಒಂದು ಹಾಳೆಯಲ್ಲಿ ಕಚ್ಚಾವಸ್ತು, ಪ್ರತಿ ಡ್ರಮ್ಮಿಗೂ ಒಂದು ಸಾಲು. ಇನ್ನೊಂದರಲ್ಲಿ ಸೂತ್ರ. ಎರಡನ್ನೂ ಓದಿ, ಒಟ್ಟು 100 ಆಯಿತಾ ನೋಡಿ, ನಂಬರ್ ತಾಳೆ ನೋಡಿ, ಒಂದೇ ವಸ್ತು ಎರಡು ಮೂರು ಕಡೆಯಿಂದ ಬಂದಿದ್ದರೆ ವರ್ಗೀಕರಣಕ್ಕಾಗಿ ಕೂಡಿ, ಆಮೇಲೆ ಫೈಲ್ ಕಟ್ಟುತ್ತದೆ. ಆ ಕೂಡುವುದು ಮುಖ್ಯ. ಸಿಟ್ರಾಲ್ ಅನ್ನುವ ವಸ್ತು ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲೇ ಮುಕ್ಕಾಲು ಪಾಲು ಇರುತ್ತದೆ. ನಿಂಬೆ ಪರಿಮಳದ ಮಿಶ್ರಣದಲ್ಲೂ ಇರುತ್ತದೆ. ಅದು ಚರ್ಮಕ್ಕೆ ಅಲರ್ಜಿ ಮಾಡಬಲ್ಲದು. ಒಟ್ಟು ಶೇಕಡಾ 1 ಮುಟ್ಟಿದರೆ ಬಾಟಲಿ ಮೇಲೆ ಆ ಎಚ್ಚರಿಕೆ ಬರಲೇಬೇಕು. ಕೈಲೆಕ್ಕದಲ್ಲಿ ಒಂದು ಕಡೆಯದು ಬಿಟ್ಟುಹೋಗುವುದು ಸುಲಭ.

ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ವಾದ ಮಾಡಿದೆವು. ಕೆಲವು ಸಾಲುಗಳಲ್ಲಿ ಮಾಹಿತಿ ಖಾಲಿ ಇತ್ತು. "ಅಂಥ ಕಡೆ ಹಿಂದಿನ ಪರಿಮಳದ್ದೇ ಅಂಕಿ ಹಾಕೋ ಹಾಗೆ ಮಾಡ್ಲಾ? ಫೈಲ್ ನಿಲ್ಲಲ್ಲ" ಅಂದ. ಬೇಡ ಅಂದೆ. ಖಾಲಿ ಇದ್ದರೆ ಅಲ್ಲೇ ನಿಲ್ಲಲಿ, ಕೆಂಪಗೆ ತೋರಿಸಲಿ. ಗೊತ್ತಿಲ್ಲದ ಜಾಗಕ್ಕೆ ಯಂತ್ರ ಅಂದಾಜು ತುಂಬಿಬಿಟ್ಟರೆ, ಅದು ಅಂದಾಜು ಅನ್ನುವುದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ಸ್ವಲ್ಪ ಹೊತ್ತು ಯೋಚಿಸಿ ಸರಿ ಅಂದ. ಇವತ್ತಿಗೂ ಆ ಪ್ರೋಗ್ರಾಂನಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು ನಿಲ್ಲುವ ಜಾಗವೇ.

ಅವನು ಬೆಂಗಳೂರಿಗೆ ಹೋದ. ನಾನು 14 ಪರಿಮಳಕ್ಕೂ ಫೈಲ್ ತೆಗೆದೆ. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಇನ್ನೇನು ಕಳಿಸಬೇಕು ಅನ್ನುವಾಗ ಒಂದು ಯೋಚನೆ ಬಂತು. ಈ ಸೂತ್ರದ ಹಾಳೆ ಬಂದಿದ್ದು ಸಾಹುಕಾರರ ಬೀರುವಿನಲ್ಲಿದ್ದ ಫೈಲಿನಿಂದ. ಮಿಕ್ಸಿಂಗ್ ರೂಮಿನಲ್ಲಿ ನಡೆಯುವುದು ಇದೇನಾ?

ನಮ್ಮ ಮಿಕ್ಸಿಂಗ್ ನೋಡಿಕೊಳ್ಳುವವರನ್ನು ಎಲ್ಲರೂ ದೊಡ್ಡಣ್ಣ ಅಂತಲೇ ಕರೆಯುತ್ತಾರೆ. ಕಾರ್ಖಾನೆ ಶುರುವಾದ ದಿನದಿಂದ ಇದ್ದಾರೆ. ಓದಿದ್ದು ಏಳನೇ ಕ್ಲಾಸು. ಮುಚ್ಚಳ ತೆಗೆದು ಒಂದು ಸಲ ಮೂಸಿದರೆ ಎಣ್ಣೆ ಹಳೆಯದೋ ಹೊಸದೋ, ಬೆರಕೆಯೋ ಶುದ್ಧವೋ ಹೇಳುತ್ತಾರೆ. ನಾನು ಲ್ಯಾಬಿನಲ್ಲಿ ನೋಡಿ ಹೇಳುವಷ್ಟರಲ್ಲಿ ಅವರು ಹೇಳಿ ಆಗಿರುತ್ತದೆ. ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಎಣ್ಣೆ ಹೀರಿ ಹಾಳೆಗಳೆಲ್ಲ ಗಾಜಿನ ಹಾಗೆ ಆಚೆಯದು ಕಾಣುತ್ತವೆ. ಒಂದು ಪುಟ ತಿರುಗಿಸಿದರೆ ಐದು ಪರಿಮಳ ಒಟ್ಟಿಗೆ ಮೂಗಿಗೆ ಬರುತ್ತದೆ.

ಮಜ್ಜಿಗೆ ಹುಲ್ಲಿನ ಪುಟ ತೆಗೆಸಿದೆ. ನನ್ನ ಹಾಳೆಯಲ್ಲಿದ್ದದ್ದೆಲ್ಲ ಇತ್ತು. ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಜಾಸ್ತಿ ಇತ್ತು. 'ಮಳೆಗಾಲ, ಮಂಕಾದರೆ 3 ಸೌಟು.'

"ದೊಡ್ಡಣ್ಣ, ಇದೇನು ಮೂರು ಸೌಟು?"

"ಅದಾ? ಮಳೆಗಾಲದಲ್ಲಿ ಬರೋ ಎಣ್ಣೆ ಒಂಥರಾ ಮಂಕಾಗಿರತ್ತೆ ಕಣಮ್ಮ. ವಾಸನೆ ಏಳಲ್ಲ. ಅದಕ್ಕೆ ಆ ಕ್ಯಾನಿಂದು ಮೂರು ಸೌಟು ಹಾಕ್ತೀನಿ. ಏಳತ್ತೆ."

ಮೂಲೆಯಲ್ಲಿದ್ದ ಕ್ಯಾನು ನೋಡಿದೆ. ಸಿಟ್ರಾಲ್. ಪ್ರಯೋಗಕ್ಕೆಂದು ಎಂದೋ ತರಿಸಿದ್ದು.

ಸೌಟು ತರಿಸಿ ತೂಕದ ಮೇಲಿಟ್ಟು ಸೊನ್ನೆ ಮಾಡಿ, ಅವರ ಕೈಯಲ್ಲೇ ತುಂಬಿಸಿದೆ. 180 ಗ್ರಾಂ. ಮೂರು ಸೌಟಿಗೆ 540 ಗ್ರಾಂ. ಒಂದು ಬ್ಯಾಚು 50 ಕಿಲೋ. ಶೇಕಡಾ 1ಕ್ಕಿಂತ ಜಾಸ್ತಿ ಆಯಿತು. ನನ್ನ ಹಾಳೆಯಲ್ಲಿ ಅದು ಇರಲೇ ಇಲ್ಲ. ನಾನು ತಾಳೆ ನೋಡಿ, ಒಟ್ಟು ನೂರು ನೋಡಿ, ಎಲ್ಲ ಸರಿ ಅಂತ ಕಳಿಸಲು ಹೊರಟಿದ್ದ ವರದಿಯಲ್ಲಿ, ಬೇರೆಯಾಗಿ ಸುರಿದ ಒಂದು ವಸ್ತುವೇ ಇರಲಿಲ್ಲ.

ನನಗೆ ಕೈಕಾಲು ತಣ್ಣಗಾಯಿತು. ದೊಡ್ಡಣ್ಣ ನನ್ನ ಮುಖ ನೋಡಿ ಹೆದರಿದರು. "ತಪ್ಪಾಯ್ತೇನಮ್ಮ?" ಅಂದರು.

ತಪ್ಪು ಅವರದ್ದಲ್ಲ. ಯಾರೂ ಅವರನ್ನು ಕೇಳಿರಲಿಲ್ಲ. ಹದಿನಾಲ್ಕು ಪರಿಮಳಕ್ಕೂ ಒಂದೇ ಗುಣ ಬರುವ ಹಾಗೆ ನೋಡಿಕೊಂಡಿದ್ದೇ ಅವರು. ಆಫೀಸಿನ ಫೈಲಿಗೂ ಮಿಕ್ಸಿಂಗ್ ರೂಮಿಗೂ ನಡುವೆ ನಲವತ್ತು ಹೆಜ್ಜೆ. ಅಷ್ಟು ವರ್ಷದಲ್ಲಿ ಆ ಪುಸ್ತಕದ ಪುಟವನ್ನು ನನ್ನ ಹಾಳೆಯ ಪಕ್ಕ ಇಟ್ಟು ನೋಡಿದ್ದು ಅವತ್ತೇ ಮೊದಲು. ಅದು ನನ್ನ ಕೆಲಸವಾಗಿತ್ತು.

ಮುಂದಿನ ಹತ್ತು ದಿನ ಬೆಳಗ್ಗೆ ಒಂಬತ್ತಕ್ಕೆ ಅವರ ಜೊತೆ ಮಿಕ್ಸಿಂಗ್ ರೂಮಿನಲ್ಲಿ ನಿಂತೆ. ಒಂದೊಂದು ಪರಿಮಳವನ್ನೂ ಅವರು ಯಾವಾಗಿನ ಹಾಗೆ ಮಾಡಿದರು, ನಾನು ಪ್ರತಿ ಸಲ ಸುರಿಯುವಾಗಲೂ ತೂಕ ಬರೆದುಕೊಂಡೆ. ಸೌಟು, ಮಗ್ಗು, ಚಿಟಿಕೆ, ಎಲ್ಲ ಗ್ರಾಂ ಆಯಿತು. ಎಣ್ಣೆ ಕೆಡದಿರಲಿ ಅಂತ ಹಾಕುವ ಬಿಎಚ್‌ಟಿ ಪುಡಿ ನಾಲ್ಕು ಪರಿಮಳದಲ್ಲಿ ಸಿಕ್ಕಿತು, ಫೈಲಿನಲ್ಲಿ ಒಂದರಲ್ಲಿ ಮಾತ್ರ ಇತ್ತು. ಲಾವಂಚದ ಎಣ್ಣೆ ದುಬಾರಿಯಾದಾಗ ಬೇರೆ ಕಡೆಯಿಂದ ತರುವ ಎಣ್ಣೆಯ ಕಾಗದ ನಮ್ಮ ಹತ್ತಿರ ಇರಲೇ ಇಲ್ಲ. 14ರಲ್ಲಿ ಆರು ಸೂತ್ರ ಬದಲಾದವು. ಮೊದಲೇ ಮುಗಿಸಿಟ್ಟಿದ್ದ ಐದರಲ್ಲಿ ಎರಡನ್ನು ತಿದ್ದಿ ಮತ್ತೆ ಮಾಡಿದೆವು, ಹೊಸ ಯುಎಫ್ಐ ಸಹಿತ. ಒಂದು ಬಾಟಲಿಯೂ ಹೊರಗೆ ಹೋಗಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಸೌಟಿನ ವಿಷಯಕ್ಕೆ ಏನು ಮಾಡಿದೆವು ಅಂತ ಹೇಳಬೇಕು. ಮಂಕಾದಾಗ ಹಾಕುವುದು, ಇಲ್ಲದಾಗ ಬಿಡುವುದು ಅಂದರೆ ಎರಡು ಬೇರೆ ಬೇರೆ ಮಿಶ್ರಣ, ಎರಡು ಯುಎಫ್ಐ. ನಿಯಮದಲ್ಲಿ ಪ್ರಮಾಣಕ್ಕೆ ಒಂದು ವ್ಯಾಪ್ತಿ ಹೇಳಬಹುದು. ಅತಿ ಅಪಾಯಕಾರಿ ವಸ್ತುಗಳಿಗೆ ವ್ಯಾಪ್ತಿ ಕಿರಿದು. ಉಳಿದವಕ್ಕೆ, ಶೇಕಡಾ 1ರಿಂದ 10ರ ನಡುವೆ ಇರುವಂಥದ್ದಕ್ಕೆ, 3ರಷ್ಟು ಅಗಲ ಇಟ್ಟುಕೊಳ್ಳಬಹುದು. ಅಂದರೆ 1ರಿಂದ 4 ಅನ್ನಬಹುದು. ಆದರೆ ಸೊನ್ನೆಯೂ ಆಗಬಹುದು ಅಂತ ಹೇಳುವುದು ಸರಿಯಾದ ದಾರಿ ಅನ್ನಿಸಲಿಲ್ಲ. ದೊಡ್ಡಣ್ಣನ ಜೊತೆ ಕೂತು ಮಾತಾಡಿದೆ. ಅವರೇ ಹೇಳಿದರು, "ಯಾವಾಗ್ಲೂ ಒಂದೇ ತರ ಇರ್ಬೇಕು ಅಂದ್ರೆ ವರ್ಷಪೂರ್ತಿ ಮೂರು ಸೌಟು ಹಾಕಣ, ಹುಲ್ಲೆಣ್ಣೆ ಅಷ್ಟು ಕಮ್ಮಿ ಮಾಡಣ." ಮಾಡಿ ನೋಡಿದೆವು. ಪರಿಮಳ ಮೊದಲಿಗಿಂತ ಚೆನ್ನಾಗಿ ನಿಂತಿತು.

ಹೊಸ ಫೈಲುಗಳು ಪ್ರತಿನಿಧಿ ಸಂಸ್ಥೆಗೆ ಹೋದವು. ಅವರು ಕೆಲವು ಅಂಕಿ ತಿದ್ದಿ ಎಕ್ಸೆಲ್ ವಾಪಸ್ ಕಳಿಸಿದರು. ಅದನ್ನು ಓದಿಸಿದರೆ ಪ್ರೋಗ್ರಾಂ ನಿಂತಿತು. ಒಟ್ಟು 122.5 ಅಂತ ಕೆಂಪಗೆ ತೋರಿಸಿತು. ಅರ್ಧ ದಿನ ತಲೆ ಕೆಡಿಸಿಕೊಂಡೆ. ಕಾರಣ ಒಂದು ಅಲ್ಪವಿರಾಮ. ಅಲ್ಲಿಯವರು ಎರಡೂವರೆಯನ್ನು 2,5 ಅಂತ ಬರೆಯುತ್ತಾರೆ. ನಮಗೆ ಚುಕ್ಕಿ, ಅವರಿಗೆ ಅಲ್ಪವಿರಾಮ. ನಮ್ಮ ಕಂಪ್ಯೂಟರು ಅಲ್ಪವಿರಾಮ ತೆಗೆದುಹಾಕಿ 25 ಅಂತ ಓದಿತ್ತು. ಒಟ್ಟು ನೂರು ಆಗಬೇಕು ಅನ್ನುವ ಸರಳ ತಾಳೆ ಇರದಿದ್ದರೆ ಹತ್ತು ಪಟ್ಟು ತಪ್ಪು ಹಾಗೇ ಹೋಗಿಬಿಡುತ್ತಿತ್ತು.

ಪೋರ್ಟಲ್ಲಿನಲ್ಲಿ ಮೊದಲ ಸಲ ಎರಡು ತಪ್ಪು ಎತ್ತಿ ತೋರಿಸಿತು. ಒಂದು, ಪಿಎಚ್, ಅಂದರೆ ಆಮ್ಲವೋ ಕ್ಷಾರವೋ ಹೇಳುವ ಅಳತೆ, ಖಾಲಿ ಬಿಟ್ಟಿದ್ದೆ. ನೀರಿಲ್ಲದ ಎಣ್ಣೆಗೆ ಪಿಎಚ್ ಇರುವುದಿಲ್ಲ. ಆದರೆ ಖಾಲಿ ಬಿಡುವಂತಿಲ್ಲ, ಯಾಕಿಲ್ಲ ಅಂತ ಕಾರಣ ಬರೆಯಬೇಕು. ಇನ್ನೊಂದು, ಒಂದು ಪರಿಮಳಕ್ಕೆ ಬಾಟಲಿಯ ಅಳತೆ ಬಿಟ್ಟುಹೋಗಿತ್ತು. ತಿದ್ದಿದೆವು. ಎರಡನೇ ಸಲಕ್ಕೆ ಎಲ್ಲ ಒಳಗೆ ಹೋಯಿತು.

ಹೊರಗಿನಿಂದ ಕೊಳ್ಳುವ ಸಿದ್ಧ ಪರಿಮಳದ ಮಿಶ್ರಣಗಳದ್ದು ಬೇರೆಯೇ ಗೋಳು. ಅವರು ಸೂತ್ರ ಕೊಡುವುದಿಲ್ಲ, ನಮ್ಮ ಸಾಹುಕಾರರು ಕೊಡಲು ಒಪ್ಪದ ಹಾಗೆಯೇ. ಅವರ ಮಿಶ್ರಣಕ್ಕೂ ಯುಎಫ್ಐ ಇದ್ದರೆ ಅದನ್ನೇ ನಮ್ಮ ವರದಿಯಲ್ಲಿ ತೋರಿಸಬಹುದು. ಇಬ್ಬರು ಕೊಟ್ಟರು. ಒಬ್ಬರು ಆರು ಮೇಲ್ ಹಾಕಿದರೂ ಉತ್ತರ ಕೊಡಲಿಲ್ಲ. ಅವರ ಮಾಲು ಬಿಟ್ಟು ಆ ಪರಿಮಳವನ್ನು ದೊಡ್ಡಣ್ಣ ಇಲ್ಲೇ ಕಟ್ಟಿದರು.

ಜನವರಿ ಕೊನೆಯಲ್ಲಿ ಲೇಬಲ್ ಅಚ್ಚಾಗಿ ಬಂದವು. 100 ಮಿಲಿ ಬಾಟಲಿ, ಅಂಗೈಯಷ್ಟು ಲೇಬಲ್. ಅಪಾಯದ ಚಿಹ್ನೆಯ ಹತ್ತಿರ ಸಣ್ಣಕ್ಷರದಲ್ಲಿ 16 ಅಕ್ಷರ. ನಾನು ಹಾಳೆ ಹಿಡಿದು ಒಂದೊಂದನ್ನೇ ಓದಿದೆ, ದೊಡ್ಡಣ್ಣ ಬಾಟಲಿ ಹಿಡಿದು ತಾಳೆ ನೋಡಿದರು. ಇಂಗ್ಲಿಷ್ ಅಕ್ಷರ ಅವರಿಗೆ ನಿಧಾನ. ನಾನೂ ನಿಧಾನವಾಗಿಯೇ ಓದಿದೆ. 14 ಲೇಬಲ್ ಮುಗಿಯುವಾಗ ಮಧ್ಯಾಹ್ನ ಆಗಿತ್ತು.

ನಮ್ಮಲ್ಲೂ ವಿಷದ ಬಗ್ಗೆ ಹಗಲು ರಾತ್ರಿ ಮಾಹಿತಿ ಕೊಡುವ ಕೇಂದ್ರ ಇದೆ, ದೆಹಲಿಯ ಏಮ್ಸ್‌ನಲ್ಲಿ, 1995ರಿಂದ. ಅಲ್ಲಿಗೆ ಡಾಕ್ಟರುಗಳೂ ಫೋನ್ ಮಾಡುತ್ತಾರೆ, ಮನೆಯವರೂ ಮಾಡಬಹುದು. ನಮ್ಮ ಊರಿನ ಅಂಗಡಿಗೆ ಹೋಗುವ ಬಾಟಲಿಗೆ ಯುಎಫ್ಐ ಬೇಕಿಲ್ಲ. ಆದರೂ ಒಳಗೆ ಏನಿದೆ ಅಂತ ಅದರ ಮೇಲೂ ಅಚ್ಚು ಹಾಕಿಸೋಣ ಅಂತ ಸಾಹುಕಾರರನ್ನು ಕೇಳಿದೆ. ಖರ್ಚು ಎಷ್ಟು ಅಂತ ಕೇಳಿದರು, ಹೇಳಿದೆ, ಹಾಕಿಸು ಅಂದರು. ಈಗ ಎರಡೂ ಕಡೆಗೆ ಒಂದೇ ಪಟ್ಟಿ ಹೋಗುತ್ತದೆ.

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾಡುವ ನನ್ನ ಗೆಳತಿ ಇದನ್ನು ಕೇಳಿ ಒಂದು ಭಾನುವಾರ ಬಂದಳು. ಅವಳದ್ದು ಆಹಾರ, ನಿಯಮ ಬೇರೆ, ಎಫ್‌ಎಸ್‌ಎಸ್‌ಎಐ ನೋಡುವಂಥದ್ದು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಮ್ಮಿ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು. ಅವಳಿಗೂ ಇಂಥದ್ದೇ ಒಂದು ಹಾಳೆ ಮಾಡಿಕೊಟ್ಟೆ. ಹಾಳೆ ತುಂಬುವ ಮೊದಲು ಪುಡಿ ಬೆರೆಸುವವರ ಪಕ್ಕ ಎರಡು ದಿನ ನಿಲ್ಲು ಅಂದೆ. ನಿಂತಳು. ತಿಂಗಳು ಬಿಟ್ಟು ಫೋನ್ ಮಾಡಿ, ತನ್ನ ತಕ್ಕಡಿಯೇ ಕಿಲೋಗೆ 30 ಗ್ರಾಂ ತಪ್ಪು ತೋರಿಸುತ್ತಿತ್ತು ಅಂದಳು.

ಹೋದ ವಾರದ ಮಾತು. ಬೆಳಗ್ಗೆ ನಾನು ಆಫೀಸಿಗೆ ಬಂದಾಗ ದೊಡ್ಡಣ್ಣ ಬಾಗಿಲಲ್ಲೇ ನಿಂತಿದ್ದರು. ರಾತ್ರಿ ನೀಲಗಿರಿ ಎಣ್ಣೆಯ ಹೊಸ ಡ್ರಮ್ಮು ಬಂದಿದೆ, ಕೊಟ್ಟವರು ಬೇರೆಯವರು, ಕಾಗದ ಬಂದಿಲ್ಲ ಅಂದರು. ಮಿಕ್ಸಿಂಗ್ ರೂಮಿಗೆ ಹೋದೆ. ಡ್ರಮ್ಮು ಒಂದು ಮೂಲೆಯಲ್ಲಿ ಬೇರೆಯಾಗಿ ನಿಂತಿತ್ತು. ಮುಚ್ಚಳದ ಮೇಲೆ ಬಿಳಿ ಟೇಪು ಅಂಟಿಸಿ ಅವರ ದಪ್ಪ ಅಕ್ಷರದಲ್ಲಿ ಬರೆದಿದ್ದರು: 'ಮೇಡಂ ನೋಡಬೇಕು. ತೆಗೀಬೇಡಿ.'